ಸೈರಣಿ ಶಿವರಾಯನ ಸಿಟ್ಟು

ಅತನೂರಿನಲ್ಲಿ ಶಿವರಾಯನನ್ನು ಹೊಗಳದವರೇ ಇರಲಿಲ್ಲ. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವನ ಹೆಂಡತಿ ಗುರುಬಾಯಿಗೆ ಅಂಗಾಲಿನ ಉರಿ ನೆತ್ತಿಗೇರುತ್ತಿತ್ತು. "ಏನ್ ಸೈರಣಿ ಮನಷ್ಯಾ ಬಿಡ್ರಿ ಅಂವ!" ಎನ್ನುವವರು ಯಾರೆಂದು ನೋಡಿ. ಉಣ್ಣಲು ಕೂತವನನ್ನು ತಾಟಿನ ಮುಂದಿನಿಂದ ಎಬ್ಬಿಸಿ ಕಂಬ ಹತ್ತಿಸಿದವರು. ಇಡೀ ತಾಲೂಕಿಗೆ ಕರೆಂಟು ಹೋಗಿದ್ದರೂ ಇವನೊಬ್ಬನೇ ಅದನ್ನು ಕದ್ದು ಮನೆಯ ಕಾಳಿನ ಹಗೇವಿನಲ್ಲಿ ಬಚ್ಚಿಟ್ಟಿದ್ದಾನೆ ಎಂಬಂತೆ ನಡುಬೀದಿಯಲ್ಲಿ ನಿಂತು ಅವನ ಅಪ್ಪ, ಅಜ್ಜ, ಮುತ್ತಜ್ಜರನ್ನೆಲ್ಲ ಬಯ್ದವರು. ಬಯ್ಯುವಷ್ಟು ಬಯ್ದು, ಲೈಟು ಬಂದಮೇಲೆ ಬೆನ್ನು ತಟ್ಟಿ, ಸೈರಣೆ ಅಂದರೆ ಶಿವರಾಯನದು ಎನ್ನುತ್ತಿದ್ದರು. ಅವನು ಊರಿನ ಲೈನ್‌ಮನ್. ಬೈಗುಳ ತಿನ್ನುವುದಕ್ಕೇ ಸರಕಾರ ತನ್ನನ್ನು ನೇಮಿಸಿದೆ ಎಂದು ತಿಳಿದಂತೆ ನಗುತ್ತ ನಿಲ್ಲುತ್ತಿದ್ದ.

ಮನೆಯಲ್ಲೂ ಅದೇ. ಅಣ್ಣ ಕಲ್ಯಾಣಪ್ಪ ಹಗಲಿಗೆ ರಾತ್ರಿ ಅಂದರೆ ಇವನು ಹೋಗಿ ಕಂದೀಲು ಹಚ್ಚುವವನು. ಅಣ್ಣನ ಪಂಪಿಗೆ ಕಂಬದಿಂದ ಕದ್ದ ಕರೆಂಟು ಬೇಕೆಂದರೆ ನೌಕರಿ ಹೋದೀತೆಂಬ ಭಯ ನುಂಗಿಕೊಂಡು ಕೊಕ್ಕೆ ಸಿಕ್ಕಿಸುವವನು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ, ಮಗಳನ್ನು ಹೆತ್ತು ಬೆಳೆಸಿ ಜೇವರ್ಗಿಗೆ ಕೊಟ್ಟು ಮದುವೆ ಮಾಡಿದಮೇಲೂ, ಅವನ ಬಾಯಿಂದ 'ಒಲ್ಲೆ' ಎಂಬ ಒಂದು ಮಾತನ್ನು ಗುರುಬಾಯಿ ಕೇಳಿರಲಿಲ್ಲ. ಇನ್ನೊಂದು ರೊಟ್ಟಿ ಎಂದರೆ ಹಾಕಿಸಿಕೊಳ್ಳುತ್ತಿದ್ದ. ಮತ್ತೊಂದು ಎಂದರೆ ಅದನ್ನೂ. ಹೊಟ್ಟೆ ತುಂಬಿದೆಯೋ ಇಲ್ಲವೋ ಆ ಬಸವಣ್ಣನೇ ಬಲ್ಲ.

ಗುರುಬಾಯಿಯದು ಇದಕ್ಕೆ ತಿರುವುಮುರುವು. ಅವಳ ಬಾಯಿಗೆ ಊರು ಅಂಜುತ್ತಿತ್ತು. ಗಂಡನ ಪಾಲಿನ ಸಿಟ್ಟನ್ನೂ ತಾನೇ ಮಾಡುತ್ತಿದ್ದೇನೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಭಾವನ ಎದುರು ಮಾತ್ರ ಸೆರಗು ಹೊದ್ದು ಬಾಯಿ ಕಟ್ಟಿಕೊಳ್ಳಬೇಕು. ಅದು ಮನೆತನದ ರೀತಿ. ಹಾಗಾಗಿ ಭಾವನಿಗೆ ಅನ್ನಬೇಕಾದುದನ್ನೆಲ್ಲ ಅವಳು ಒಲೆಯ ಮುಂದೆ ಹಿಟ್ಟಿಗೆ ಅನ್ನುತ್ತಿದ್ದಳು. ಆ ಮನೆಯ ರೊಟ್ಟಿ ಊರಲ್ಲೇ ತೆಳ್ಳಗೆ ಬರುತ್ತಿದ್ದುದು ಅದಕ್ಕೇ ಇರಬೇಕು.

ತೊಂಬತ್ತಾರನೇ ಇಸವಿಯ ಯುಗಾದಿ ಮುಗಿದ ಹೊಸತು. ಅತ್ತೆ ಸುಂದರಬಾಯಿಗೆ ಸೊಲ್ಲಾಪುರದಲ್ಲಿ ಆಪರೇಷನ್ ಆಗಬೇಕಿತ್ತು, ರಕ್ತ ಬೇಕು ಎಂದರು. "ಶಿವರಾಯ ಕೊಡ್ತಾನ" ಎಂದ ಕಲ್ಯಾಣಪ್ಪ, ತಮ್ಮನನ್ನು ಒಂದು ಮಾತು ಕೇಳದೆ. ಶಿವರಾಯ ತೋಳು ಚಾಚಿದ. ತೆಗೆದ ರಕ್ತವನ್ನು ದವಾಖಾನೆಯವರು ಪರೀಕ್ಷೆ ಮಾಡಿ ಬ್ಯಾಡ ಎಂದುಬಿಟ್ಟರು. ಅದರಲ್ಲಿ ಕಾಮಣಿಯ ವೈರಸ್ ಇದೆ, ಬಿ ಅನ್ನುವ ಜಾತಿಯದು, ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ಕಾಮಣಿ ಅಂದರೆ ಕಣ್ಣು ಹಳದಿಯಾಗಬೇಕಲ್ಲ! ಶಿವರಾಯನ ಕಣ್ಣು ಹಾಲಿನಂತೆ ಬೆಳ್ಳಗಿದ್ದವು. ಒಂದೆರಡು ವರ್ಷದಿಂದ ಕಂಬ ಹತ್ತಿ ಇಳಿದರೆ ಸುಸ್ತಾಗಿ ಕಟ್ಟೆಗೆ ಒರಗುತ್ತಿದ್ದ, ಅಷ್ಟೆ. ಅದನ್ನೂ ಅವನು ಯಾರಿಗೂ ಹೇಳಿರಲಿಲ್ಲ.

ಲಿವರ್ ರೋಗಗಳ ಡಾಕ್ಟರು ಒಬ್ಬ ಹೆಂಗಸು. ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಸೊಲ್ಲಾಪುರದ ಕನ್ನಡದಲ್ಲಿ ಆಕೆ ಗುರುಬಾಯಿಯನ್ನು ಎದುರು ಕೂಡಿಸಿಕೊಂಡು ಹೇಳಿದರು.

"ನೋಡವಾ, ಮೈಯಾಗ ಪಹರೆಯವರು ಇರ್ತಾರ. ಹೊರಗಿಂದ ಬಂದ ರೋಗ ಹೊಡದು ಓಡಸೂದು ಅವರ ಕೆಲಸ. ನಿಮ್ಮ ಮನಿಯವರ ಲಿವರಿನಾಗ ಈ ವೈರಸ್ ಬಂದು ಠಿಕಾಣಿ ಹಾಕ್ಯಾದ. ಪಹರೆಯವರಿಗಿ ಗೊತ್ತದ. ಗೊತ್ತಿದ್ದೂ ಸೈರಣಿ ಮಾಡ್ಕೊಂಡು ಕುಂತಾರ. ಒಮ್ಮೊಮ್ಮೆ ಎದ್ದು ಒಂದು ಏಟು ಹೊಡೀತಾರ, ಮತ್ತ ಕುಂದರ್ತಾರ. ಆ ಅರ್ಧಮರ್ಧ ಏಟಿಗಿ ವೈರಸ್ ಸಾಯಂಗಿಲ್ಲ, ಲಿವರ್ ಮಾತ್ರ ಕೆಡ್ತದ."

'ಸೈರಣಿ' ಎಂಬ ಮಾತು ಕೇಳಿದ್ದೇ ತಡ, ಗುರುಬಾಯಿ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಇವರ ಮೈಯಾಗಿನ ಪಹರೆಯವರೂ ಇವರಂಗೇ ಅದಾರೇನ್ರಿ ಬಾಯೀ?" ಡಾಕ್ಟರ್ ಬಾಯಿ ನಕ್ಕರು. ಶಿವರಾಯನೂ ನಕ್ಕ. ಅವನ ನಗು ನೋಡಿ ಗುರುಬಾಯಿಗೆ ಇನ್ನಷ್ಟು ಉರಿಯಿತು.

ಅದಕ್ಕೊಂದು ಇಂಜೆಕ್ಷನ್ ಬಂದಿದೆ, ಇಂಟರ್‌ಫೆರಾನ್ ಎಂದು ಹೆಸರು, ದೊಡ್ಡ ದೊಡ್ಡವರ ಕೈಗೂ ಎಟುಕದಂಥದು, ಆದರೆ ತಾವು ನಡೆಸುತ್ತಿರುವ ಸಂಶೋಧನೆಯಲ್ಲಿ ಹನ್ನೆರಡು ಜನರಿಗೆ ಪುಕ್ಕಟೆ ಕೊಡುತ್ತೇವೆ ಎಂದರು ಡಾಕ್ಟರ್ ಬಾಯಿ. ವಾರಕ್ಕೆ ಮೂರು, ಹದಿನಾರು ವಾರ. "ಇದು ಪಹರೆಯವರನ್ನ ಬಡದು ಎಬ್ಬಸ್ತದ. ಅವರು ಖರೇನ ಎದ್ದು ಹೊಡಿಲಾಕ ಸುರು ಮಾಡಿದ್ರ ಎಂಟು ಹತ್ತು ವಾರದ ಹೊತ್ತಿಗಿ ಕಣ್ಣು ಹಳದಿ ಆದ್ರೂ ಆಗಬಹುದು. ಅಂಜಿ ಇಂಜೆಕ್ಷನ್ ಬಿಟ್ಟು ಕುಂದರಬ್ಯಾಡ್ರಿ. ಹಂಗಂತ ಸುಮ್ಮನೂ ಇರಬ್ಯಾಡ್ರಿ. ಹೊಡೆದಾಟ ಹೆಚ್ಚಾದ್ರ ಲಿವರಿಗೇ ಧೋಕಾ. ತಕ್ಷಣ ನನ್ನ ಕಡೆ ಕರಕೊಂಡು ಬರ್ರಿ. ನಡುವ ಬಿಟ್ರ ಮಾತ್ರ ಎದ್ದ ಪಹರೆಯವರು ಮತ್ತ ಮಲಗ್ತಾರ. ಇನ್ನೊಮ್ಮೆ ಕೊಡಾಕ ನನ್ನ ಕಡೆ ಔಷಧ ಇಲ್ಲ." ಆಮೇಲೆ ಏನೋ ನೆನಪಾದಂತೆ, "ಮತ್ತ ಸಿಟ್ಟು ಬರ್ತದ. ಈ ಇಂಜೆಕ್ಷನ್ ತಗೊಂಡವರಿಗಿ ಮೂಗಿನ ತುದಿಗಿ ಸಿಟ್ಟು ಇರ್ತದ" ಎಂದರು.

"ಬರಲಿ" ಎಂದಳು ಗುರುಬಾಯಿ. "ದೇವರು ಕಣ್ಣು ತೆರೆದಂಗ ಆಗ್ತದ."

ಅವಳ ರಕ್ತವನ್ನೂ ನೋಡಿದ್ದರು. "ನಿಮಗೂ ಈ ರೋಗ ಯಾವಾಗೋ ಬಂದು ಹೋಗ್ಯಾದ. ನಿಮ್ಮ ಪಹರೆಯವರು ಹೊಡದು ಹೊರಗ ಹಾಕ್ಯಾರ, ಗುರುತು ಅಷ್ಟೇ ಉಳದದ. ದೊಡ್ಡವರಾದಮ್ಯಾಲೆ ಬಂದ್ರ ಬಹಳ ಮಂದಿಗಿ ಹಂಗೇ ಆಗ್ತದ. ಇವರಂಥವರು ನೂರರಾಗ ಐದಾರು ಮಂದಿ" ಎಂದು ಡಾಕ್ಟರ್ ಬಾಯಿ ಹೇಳಿದರು. ಅದರಲ್ಲಿ ಗುರುಬಾಯಿ ಕೇಳಿಸಿಕೊಂಡದ್ದು ಮೊದಲರ್ಧವನ್ನು ಮಾತ್ರ. ಊರಿಗೆ ಬಂದು, ನನ್ನ ಸಿಟ್ಟಿಗೆ ರೋಗವೂ ಓಡಿಹೋಯಿತು ಎಂದು ಬಾವಿಕಟ್ಟೆಯಲ್ಲಿ ಹತ್ತು ಜನರಿಗೆ ಹೇಳಿದಳು. ರೋಗ ತನಗೆ ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ, ಯೋಚಿಸಲೂ ಇಲ್ಲ.

ಗಂಡನಿಗೆ ಎಲ್ಲಿಂದ ಬಂತೆಂಬುದು ಮಾತ್ರ ಅವಳಿಗೆ ಪಕ್ಕಾ ಆಗಿತ್ತು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಬರುತ್ತದೆ ಎಂದಿದ್ದರು ಡಾಕ್ಟರ್ ಬಾಯಿ. ಊರಲ್ಲಿ ಸೂಜಿ ಚುಚ್ಚುತ್ತಿದ್ದವನು ಒಬ್ಬನೇ, ಕಂಪೌಂಡರ್ ಜಗದೇವಪ್ಪ. ಯಾವ ಕಾಲದಲ್ಲೋ ಯಾವ ಡಾಕ್ಟರ ಕೈಕೆಳಗೋ ಪುಡಿ ಕಟ್ಟಿಕೊಟ್ಟವನು, ಈಗ ತಾನೇ ಡಾಕ್ಟರಾಗಿದ್ದ. ಅವನದು ಒಂದೇ ಗಾಜಿನ ಸಿರಿಂಜು, ಎರಡು ಸೂಜಿ. ಬೆಳಿಗ್ಗೆ ಒಮ್ಮೆ ಪಾತ್ರೆಯಲ್ಲಿ ಕುದಿಸಿದರೆ ಸಂಜೆಯತನಕ ಸ್ಪಿರಿಟಿನ ಅರಳೆಯಿಂದ ಒರೆಸುವುದು, ಚುಚ್ಚುವುದು. ಗುರುಬಾಯಿ ಬಸ್ಸಿಳಿದವಳು ಮನೆಗೂ ಹೋಗದೆ ನೆಟ್ಟಗೆ ಅವನ ಬಾಗಿಲಿಗೆ ಹೋಗಿ ಆ ಕುದಿಸುವ ಪಾತ್ರೆಯನ್ನು ಒದ್ದಳು. ಅದು ಠಣಠಣ ಉರುಳಿಕೊಂಡು ಮೋರಿಗೆ ಬಿತ್ತು.

"ನನ್ನ ಗಂಡನ ಲಿವರ್ ತಿಂದೆಲ್ಲೋ ಭಾಡ್ಯಾ! ನಿನ್ನ ಕೈ ಸೇದಿಹೋಗಲಿ!"

ಜಗದೇವಪ್ಪ ತಣ್ಣಗೆ ಅಂದ, "ನಾ ಯಾರನ್ನೂ ಕರಿಲಾಕ ಹೋಗಿಲ್ಲವ್ವಾ. ಎಲ್ಲಾರೂ ತಾವಾಗೇ ಬಂದಾರ. ಯಾಕ, ನೀನೂ..."

"ಮುಚ್ಚು ಬಾಯಿ!" ಎಂದು ಅವಳು ಅವನ ಮಾತನ್ನು ಅಲ್ಲೇ ಕತ್ತರಿಸಿದಳು. ಅವತ್ತಿನಿಂದ ಜಗದೇವಪ್ಪನ ಬಾಗಿಲಿಗೆ ಅರ್ಧ ಊರು ಹೋಗುವುದನ್ನು ಬಿಟ್ಟಿತು.

ಸೂಜಿ ಚುಚ್ಚುವುದನ್ನು ಗುರುಬಾಯಿ ಸೊಲ್ಲಾಪುರದ ನರ್ಸಿನಿಂದ ಮೋಸಂಬಿಯ ಮೇಲೆ ಚುಚ್ಚಿ ಕಲಿತಳು. ಪ್ರತಿ ಸಲಕ್ಕೂ ಹೊಸ ಸೂಜಿ. ಚುಚ್ಚಿದ ಕೂಡಲೇ ಅದನ್ನು ಕಲ್ಲಿನಿಂದ ಜಜ್ಜಿ ಸೀಮೆಎಣ್ಣೆಯ ಹಳೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದಳು. ಔಷಧ ತಂಪಿನಲ್ಲಿರಬೇಕು. ಊರಲ್ಲಿ ಫ್ರಿಜ್ ಇದ್ದುದು ಬಸ್ ಸ್ಟ್ಯಾಂಡಿನ ನಿಜಾಮುದ್ದೀನನ ಸೋಡಾ ಅಂಗಡಿಯಲ್ಲಿ ಮಾತ್ರ. ಅವನ ಹೆಂಡತಿ ಖಾಸೀಂಬಿ ಫ್ರಿಜ್ಜಿನ ಒಂದು ಖಾನೆಯನ್ನು ಖಾಲಿ ಮಾಡಿ, "ಇದು ಶಿವರಾಯಣ್ಣನ ಜೀವ ಅದ, ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಗಿರಾಕಿಗಳಿಗೆ ಗದರುತ್ತಿದ್ದಳು. ಕರೆಂಟು ಹೋದರೆ ಬರ್ಫಿನ ಗಡ್ಡೆ ತುಂಬಿದ ಮಡಕೆಯಲ್ಲಿ ಇಡುತ್ತಿದ್ದಳು.

ಮೊದಲೆರಡು ವಾರ ಶಿವರಾಯ ಚಳಿಜ್ವರದಲ್ಲಿ ಕೌದಿ ಹೊದ್ದು ನಡುಗಿದ. ಮೈಕೈ ಎಲ್ಲ ಮುರಿದುಹಾಕಿದಂತೆ ಆಗುತ್ತದೆ ಎಂದ. ಆಮೇಲೆ ಜ್ವರ ಇಳಿಯಿತು, ಸಿಟ್ಟು ಏರಿತು. ನಾಲ್ಕನೇ ವಾರ ಒಬ್ಬ ಊಟದ ಹೊತ್ತಿಗೆ ಬಂದು, "ಏ ಶಿವರಾಯ, ಲೈಟ್ ಹೋಗ್ಯಾದ, ಏಳು" ಎಂದ. ಶಿವರಾಯ ತಲೆ ಎತ್ತಲಿಲ್ಲ. "ಉಂಡು ಬರ್ತೇನಿ. ಅಲ್ಲೀತನಕ ಕತ್ತಲಾಗೇ ಕುಂದ್ರು." ಬಂದವನು ಬಾಗಿಲಲ್ಲೇ ಕಕ್ಕಾಬಿಕ್ಕಿಯಾದ. ಒಳಗೆ ಗುರುಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಕುಣಿಯುವುದೊಂದು ಬಾಕಿ.

ಆರನೇ ವಾರ ಅಣ್ಣನ ಪಂಪಿನ ಕೊಕ್ಕೆಯನ್ನು ಶಿವರಾಯ ತಾನೇ ಹೋಗಿ ಕಿತ್ತು ಬಂದ. ಕಲ್ಯಾಣಪ್ಪ ಪಡಸಾಲೆಯಲ್ಲಿ ಕೂಗಾಡಿದ. ಶಿವರಾಯ ಕೂಗಾಡಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತ ನಿಂತ, ಹಲ್ಲು ಕಚ್ಚಿಕೊಂಡು, ದವಡೆ ಅಲುಗುವುದು ಕಾಣುವಂತೆ. ಅತ್ತೆ ಸುಂದರಬಾಯಿ, ಮಗನಿಗೆ ಯಾವುದೋ ಗಾಳಿ ಸೋಂಕಿದೆ ಎಂದು ವಿಭೂತಿ ಹಚ್ಚಿದಳು. ಊರವರು ಸೈರಣಿ ಶಿವರಾಯನಿಗೆ ಹುಚ್ಚಿನ ಇಂಜೆಕ್ಷನ್ ಕೊಡುತ್ತಿದ್ದಾಳೆ ಗುರುಬಾಯಿ ಎಂದರು. ಅನ್ನಲಿ! ಅವರ ಬಾಯಿಗೆ ಬೀಗ ಹಾಕಲು ಅವಳಿಗೆ ಪುರಸೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂಟಿಯಾಗಿ ಜಗಳಾಡಿ ದಣಿದವಳಿಗೆ ಜೊತೆಯೊಂದು ಸಿಕ್ಕಿತ್ತು. ಒಂದು ದಿನ ಅವನು ಅವಳಿಗೂ ಗುರ್ ಎಂದ, ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು. ಅದನ್ನೂ ಅವಳು ಔಷಧದ ಗುಣ ಎಂದು ಖುಷಿಯಿಂದಲೇ ಅನುಭವಿಸಿದಳು.

ಒಂಬತ್ತನೇ ವಾರದ ಬುಧವಾರ ಬೆಳಿಗ್ಗೆ ಶಿವರಾಯ ಮುಖ ತೊಳೆದು ತಿರುಗಿದಾಗ ಅವನ ಕಣ್ಣು ಹಳದಿಯಾಗಿದ್ದವು.

ಹೀಗಾಗಬಹುದೆಂದು ಗೊತ್ತಿದ್ದೂ ಗುರುಬಾಯಿ ಅವನ ರೆಪ್ಪೆ ಎಳೆದು ಎರಡೆರಡು ಸಲ ನೋಡಿದಳು. "ಔಷಧ ಹತ್ತಿದ ಗುರುತು ಇದು" ಎಂದು ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿ, ಡಾಕ್ಟರ್ ಬಾಯಿಗೆ ಫೋನ್ ಮಾಡಲು ಅಫಜಲಪುರದ ಬಸ್ಸು ಹತ್ತಿದಳು. ಎಸ್‌ಟಿಡಿ ಬೂತಿನಲ್ಲಿ ಒಂದು ತಾಸು ಕಾದಮೇಲೆ ಲೈನು ಸಿಕ್ಕಿತು. ಡಾಕ್ಟರ್ ಬಾಯಿ, "ಈಗಿಂದೀಗ ಕರಕೊಂಡು ಬರ್ರಿ, ರಕ್ತ ನೋಡಬೇಕು. ಬ್ಯಾರೆ ಯಾವ ಔಷಧಾನೂ ಹೊಟ್ಟಿಗಿ ಹೋಗಬಾರದು" ಎಂದರು.

ಅವಳು ತಿರುಗಿ ಅತನೂರಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಮನೆಯಲ್ಲಿ ಗಂಡ ಇರಲಿಲ್ಲ. ಅತ್ತೆ ದೇವರ ಮುಂದೆ ಜಪ ಮಾಡುತ್ತ ಕೂತಿದ್ದಳು.

"ಎಲ್ಲಿ ಅತ್ತೀ, ಎಲ್ಲಿ ಹೋದ್ರು?"

"ಕಲ್ಯಾಣಪ್ಪ ಸೊನ್ನಕ್ಕ ಕರಕೊಂಡು ಹೋಗ್ಯಾನ. ರೇವಣಪ್ಪನ ಕಡೆ ಚುಟಿಗಿ ಹಾಕಸಾಕ. ಕಾಮಣಿ ಆಗ್ಯಾದ, ಮತ್ತೇನು ಮಾಡಬೇಕವಾ? ಇಪ್ಪತ್ತೊಂದು ದಿನ ಬ್ಯಾರೆ ಔಷಧ ಬಂದ್. ನಿನ್ನ ಇಂಜೆಕ್ಷನ್ನೂ ಬಂದ್ ಅಂತ ಹೇಳಿ ಹೋಗ್ಯಾನ. ಬೇರಿನ ರಸಾನೂ ಕುಡಸ್ತಾರ."

ಭೀಮಾ ದಂಡೆಯ ಸೊನ್ನದಲ್ಲಿ ರೇವಣಪ್ಪ ಎಂಬವನು ಕಾಮಣಿಯಾದವರ ಮುಂಗೈಗೆ ಕಾದ ಕಬ್ಬಿಣದಿಂದ ಬರೆ ಎಳೆಯುತ್ತಿದ್ದ. ಅದೇ ಚುಟಿಗಿ. ಸುತ್ತ ನಾಲ್ಕಾರು ಹಳ್ಳಿಯಲ್ಲಿ ಕಣ್ಣು ಹಳದಿಯಾದರೆ ಜನ ಎತ್ತಿಕೊಂಡು ಓಡುತ್ತಿದ್ದುದು ಅಲ್ಲಿಗೇ. ಕಲ್ಯಾಣಪ್ಪನ ಅಪ್ಪ ಸತ್ತದ್ದು ಕಾಮಣಿಯಿಂದ. ದವಾಖಾನೆ ನಂಬಿ ಚುಟಿಗಿಗೆ ತಡ ಮಾಡಿದೆ, ಅಪ್ಪನನ್ನು ಕಳೆದುಕೊಂಡೆ ಎಂದು ಅವನು ಇಂದಿಗೂ ಅಳುತ್ತಿದ್ದ. ಅದು ಗುರುಬಾಯಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆ ಹೊತ್ತಿನಲ್ಲಿ ಭಾವನ ಕಣ್ಣೀರಿಗೆ ಅವಳ ಹತ್ತಿರ ಜಾಗವಿರಲಿಲ್ಲ. ಇಲ್ಲಿಯತನಕ ಚುಚ್ಚಿದ ಇಪ್ಪತ್ತೈದು ಇಂಜೆಕ್ಷನ್ ನೀರಿನಲ್ಲಿ ಹೋಗುತ್ತವಲ್ಲ! ಎದ್ದ ಪಹರೆಯವರು ಮತ್ತೆ ಮಲಗುತ್ತಾರಲ್ಲ! ಮತ್ತೊಮ್ಮೆ ಎಬ್ಬಿಸಲು ಔಷಧ ಎಲ್ಲಿದೆ? ಕಾದ ಕಬ್ಬಿಣ ಬಂತೆಂದರೆ ಗಂಡ ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಕೈ ಚಾಚುತ್ತಾನೆ.

ಸೊನ್ನಕ್ಕೆ ಬಸ್ಸು ಸಂಜೆಗೆ. ಅವಳು ನಿಜಾಮುದ್ದೀನನ ಅಂಗಡಿಗೆ ಓಡಿದಳು. ಅವನ ಟೆಂಪೊ ಸೋಡಾ ಬಾಟಲಿಗಳ ಕ್ರೇಟು ತುಂಬಿಕೊಂಡು ಹೊರಡಲು ನಿಂತಿತ್ತು.

"ಭಾಯಿ, ಸೊನ್ನಕ್ಕ ಬಿಡು. ಈಗೇ!"

"ಬಾಟ್ಲಿ ಇಳಸ್ತೇನಿ ತಡಿ ಅಕ್ಕಾ."

"ಬಾಟ್ಲಿ ಒಡದ್ರ ಒಡೀಲಿ, ನಡಿ ಜಲ್ದಿ!"

ಖಾಸೀಂಬಿ ಬುರ್ಖಾ ಎಳೆದುಕೊಂಡು ತಾನೂ ಹತ್ತಿದಳು. ಹೊರಡುವ ಮೊದಲು ಔಷಧದ ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಳ್ಳುವುದನ್ನು ಅವಳು ಮರೆಯಲಿಲ್ಲ. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಸೋಡಾ ಬಾಟಲಿಗಳು ಢಂ ಢಂ ಸಿಡಿದವು. ಗುರುಬಾಯಿ ಒದ್ದೆ ಸೀರೆಯಲ್ಲಿ ಕೂತು ಭಾವನಿಗೆ ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಹಲ್ಲಿನ ನಡುವೆ ಅರೆದಳು.

ರೇವಣಪ್ಪನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಅದರಲ್ಲಿ ಕುಡಗೋಲಿನ ತುದಿ ಕೆಂಪಗಾಗಿತ್ತು. ಶಿವರಾಯ ಮಣೆಯ ಮೇಲೆ ಕೂತಿದ್ದ. ಮುಂಗೈಗೆ ಸುಣ್ಣದ ಗೆರೆ ಎಳೆದಾಗಿತ್ತು. ಕಲ್ಯಾಣಪ್ಪ ಅವನ ಹೆಗಲು ಹಿಡಿದು ನಿಂತಿದ್ದ.

"ಬಿಡ್ರಿ ಅವರನ್ನ!"

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುರುಬಾಯಿಯ ತಲೆಯ ಮೇಲೆ ಸೆರಗಿರಲಿಲ್ಲ. ಭಾವನ ಎದುರು ಮೊದಲ ಸಲ ಅವಳ ಮುಖ ಬರಿದಾಗಿತ್ತು, ಬಾಯಿ ತೆರೆದಿತ್ತು.

"ಇವರ ರಕ್ತ ಕೊಡಸಾಕ ನೀವು, ಇವರ ಕೈಲಿ ಕರೆಂಟ್ ಕದಸಾಕ ನೀವು, ಈಗ ಇವರ ಕೈ ಸುಡಸಾಕೂ ನೀವೇನ ಏನ್ರಿ ಭಾವಾ? ಅವರನ್ನ ಒಂದು ಮಾತು ಕೇಳೀರೇನು? ಜಲಮದಾಗ ಒಮ್ಮೆರೆ ಕೇಳೀರೇನು?"

ಕಲ್ಯಾಣಪ್ಪನ ಮುಖ ಕಪ್ಪಿಟ್ಟಿತು. ಅವನು ಅವಳ ಕಡೆ ಬೆನ್ನು ಮಾಡಿದ. ತಮ್ಮನಿಗೆ ಅಂದ, "ತಮ್ಮಾ, ಅಪ್ಪ ಹೋದಂಗ ನೀ ಹೋಗೂದು ನನ್ನ ಕೈಲಿ ನೋಡೂದಾಗಂಗಿಲ್ಲ. ಕೈ ಚಾಚು."

ಶಿವರಾಯ ಕೈ ಚಾಚಿದ.

ಗುರುಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ರೇವಣಪ್ಪ ಕುಡಗೋಲನ್ನು ಕೆಂಡದಿಂದ ತೆಗೆದ. ಚಾಚಿದ ಕೈಯನ್ನೇ ನೋಡುತ್ತಿದ್ದ ಶಿವರಾಯ ಅದನ್ನು ಮೆಲ್ಲಗೆ ಹಿಂದಕ್ಕೆಳೆದು ಎದೆಗೆ ಅವಚಿಕೊಂಡ.

"ಒಲ್ಲೆ."

"ಏನಂದಿ?" ಎಂದ ಕಲ್ಯಾಣಪ್ಪ.

"ಒಲ್ಲೆ ಅಂದೆ! ಕಿವಿ ಕೇಳಸ್ತದಿಲ್ಲ? ಒಲ್ಲೆ, ಒಲ್ಲೆ, ಒಲ್ಲೆ!" ಶಿವರಾಯ ಎದ್ದು ನಿಂತ ರಭಸಕ್ಕೆ ಮಣೆ ಮಗುಚಿತು. ರೇವಣಪ್ಪ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. "ಅಪ್ಪ ಸತ್ತದ್ದಕ್ಕ ನನ್ನ ಸುಡಬ್ಯಾಡ ಅಣ್ಣಾ. ಹದಿನೆಂಟು ವರ್ಷ ಆಯ್ತು, ಆ ಸಂಕಟಾನೂ ನಾನೇ ಹೊರಬೇಕಾ? ಒಲ್ಲೆ!"

ಗುರುಬಾಯಿಯ ಕಣ್ಣಲ್ಲಿ ನೀರು ಬಂತು. "ಭಲೇ! ಈಗ ಖರೇ ಗಂಡಸಾದ್ರಿ ನೋಡ್ರಿ. ಬರ್ರಿ, ನಡೀರಿ ಸೊಲ್ಲಾಪುರಕ್ಕ" ಎಂದು ಓಡಿಹೋಗಿ ಅವನ ರಟ್ಟೆ ಹಿಡಿದಳು.

ಅವನು ಕೈ ಕೊಡವಿದ.

"ನೀನೂ ಹಿಡೀಬ್ಯಾಡ ನನ್ನ."

"ಯಾಕ್ರಿ, ನಾ ಏನು ಮಾಡಿದೆ?"

"ಏನು ಮಾಡಿದಿ?" ಶಿವರಾಯ ಅವಳ ಕಡೆ ತಿರುಗಿದ. ಹಳದಿ ಕಣ್ಣು ಅವಳನ್ನು ನುಂಗುವಂತೆ ನೋಡಿದವು. "ಜಗದೇವಪ್ಪನ ಪಾತೇಲಿ ಒದ್ದು ಬಂದಿ. ಊರ ತುಂಬ ಬಯ್ದಿ. ಆ ಜಗದೇವಪ್ಪನ ಬಾಗಿಲಿಗಿ ನನ್ನ ಕರಕೊಂಡು ಹೋದವರು ಯಾರು? ಆರು ವರ್ಷದ ಹಿಂದ, ಶ್ರಾವಣದಾಗ. ನಿನಗ ಸುಸ್ತು ಅಂತ ತಾಕತ್ತಿನ ಕೆಂಪು ಇಂಜೆಕ್ಷನ್ ತಗೋಳಾಕ ಹೋದಿ. ನೀವೂ ಒಂದು ತಗೋರಿ ಅಂದಿ. ನನಗ ಮನಸಿದ್ದಿಲ್ಲ. ನನಗೇನೂ ಆಗಿಲ್ಲ ಅಂದೆ. ತಗೋರಿ ಅಂದ್ರ ತಗೋರಿ ಅಂತ ತೋಳಿನ ಅಂಗಿ ನೀನ ಮ್ಯಾಲೆ ಸರಿಸಿದಿ. ನಿನಗ ಮೊದಲ ಚುಚ್ಚಿದ. ಅದೇ ಸೂಜಿ ಒರಸಿ ನನಗ ಚುಚ್ಚಿದ. ನೆನಪದ ಏನು?"

ನೆನಪಿತ್ತು. ಹೇಳಿದ ಕೂಡಲೇ ಎಲ್ಲವೂ ನೆನಪಾಯಿತು, ಕೆಂಪು ಔಷಧ, ಸ್ಪಿರಿಟಿನ ವಾಸನೆ, ತಾನೇ ಮಡಿಸಿದ ಬಿಳಿ ಅಂಗಿಯ ತೋಳು. ಆ ದಸರೆಯ ಹೊತ್ತಿಗೆ ತನಗೆ ಅನ್ನ ಸೇರದೆ ಹತ್ತು ದಿನ ಮಲಗಿದ್ದೂ, ಮೂತ್ರ ಅರಿಷಿಣದಂತೆ ಹೋದದ್ದೂ, ಉಷ್ಣ ಎಂದು ಮಜ್ಜಿಗೆ ಕುಡಿದು ಎದ್ದದ್ದೂ ನೆನಪಾಯಿತು. ತನ್ನ ಸಿಟ್ಟಿಗೆ ಹೆದರಿ ರೋಗ ಓಡಿತು ಎಂದು ಬಾವಿಕಟ್ಟೆಯಲ್ಲಿ ಕೊಚ್ಚಿಕೊಂಡಿದ್ದಳಲ್ಲ. ಓಡಿದ್ದು ಹೌದು. ಆದರೆ ಅವಳ ತೋಳಿನಿಂದ ಹೊರಬಂದ ಸೂಜಿ ಮುಂದೆ ಹೋದದ್ದು ಎಲ್ಲಿಗೆ?

"ಗೊತ್ತಿತ್ತಾ ನಿಮಗ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಸೊಲ್ಲಾಪುರದಾಗ ಡಾಕ್ಟರ್ ಬಾಯಿ ಸೂಜಿ ಅಂದಾಗೇ ಗೊತ್ತಾಯ್ತಾ?"

"ಅವತ್ತೇ ಗೊತ್ತಾಯ್ತು."

"ಮತ್ತ ಯಾಕ ಅನ್ನಲಿಲ್ಲ?"

"ಅನ್ನಾಕ ನೀ ಯಾವತ್ತು ಬಿಟ್ಟಿ? ನನ್ನ ಸಿಟ್ಟೂ ನೀನ ಮಾಡ್ತಿದ್ದಿ."

ಶಿವರಾಯ ಯಾರ ಮುಖವನ್ನೂ ನೋಡದೆ ಹೋಗಿ ಟೆಂಪೊದ ಮುಂದಿನ ಸೀಟಿನಲ್ಲಿ ಕೂತ. "ನಿಜಾಮಣ್ಣಾ, ದುಧನಿ ಸ್ಟೇಷನ್ನಿಗಿ ಬಿಡು. ಸೊಲ್ಲಾಪುರಕ್ಕ ನಾ ಹೋಗಾಕತ್ತೇನಿ" ಎಂದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಬರೂದಿದ್ರ ಬಾ" ಎಂದ ಹೆಂಡತಿಗೆ.

ಅವಳು ಹಿಂದೆ ಹತ್ತಿ ಒಡೆದ ಬಾಟಲಿಗಳ ನಡುವೆ ಕೂತಳು. ಖಾಸೀಂಬಿ ಏನೂ ಕೇಳದೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆವರೆಗೆ ಗುರುಬಾಯಿಗೆ ಸಿಟ್ಟು ಮಾಡಲು ಊರು ತುಂಬ ಜನ ಇದ್ದರು. ಈಗ ಬಂದ ಸಿಟ್ಟನ್ನು ಯಾರ ಬಾಗಿಲಿಗೆ ಒಯ್ಯಬೇಕೆಂದು ತಿಳಿಯದೆ ಅವಳು ತೊಡೆಗೆ ತಾನೇ ಗುದ್ದಿಕೊಂಡಳು.

ಸೊಲ್ಲಾಪುರದಲ್ಲಿ ಅವನನ್ನು ಎಂಟು ದಿನ ಇರಿಸಿಕೊಂಡರು. ದಿನಾ ರಕ್ತ ನೋಡಿದರು. "ಹೊಡೆದಾಟ ಜೋರದ" ಎಂದರು ಡಾಕ್ಟರ್ ಬಾಯಿ ಮೊದಲ ದಿನ, ಹುಬ್ಬು ಗಂಟಿಕ್ಕಿ. ಐದನೇ ದಿನ ಹುಬ್ಬು ಸಡಿಲವಾಯಿತು. ಇಂಜೆಕ್ಷನ್ ನಿಲ್ಲಿಸಲಿಲ್ಲ. ಊರಿಗೆ ಬಂದಮೇಲೆ ಉಳಿದವನ್ನೆಲ್ಲ ಗುರುಬಾಯಿಯೇ ಚುಚ್ಚಿದಳು. ಆದರೆ ಈಗ ಸೂಜಿ ಹಿಡಿದು, "ಚುಚ್ಚಲ್ಯಾ?" ಎಂದು ಕೇಳುತ್ತಿದ್ದಳು. ಅವನು ಹೂಂ ಎನ್ನುವತನಕ ಕೈ ಮುಂದೆ ಹೋಗುತ್ತಿರಲಿಲ್ಲ. ಒಂದೊಂದು ದಿನ ಅವನು ಬೇಕೆಂದೇ ಬಹಳ ಹೊತ್ತು ಸುಮ್ಮನಿರುತ್ತಿದ್ದ. ಅವಳು ಕಾಯುತ್ತಿದ್ದಳು. ಆ ಕಾಯುವಿಕೆ ಅವಳನ್ನು ಸೂಜಿ ಚುಚ್ಚಿಸಿಕೊಳ್ಳುವುದಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಇಂಜೆಕ್ಷನ್ ಮುಗಿದು ಆರು ತಿಂಗಳಿಗೆ ಕಡೆಯ ಪರೀಕ್ಷೆ. ಡಾಕ್ಟರ್ ಬಾಯಿ ಕಾಗದವನ್ನು ಎರಡೆರಡು ಸಲ ನೋಡಿದರು. "ಲಿವರಿನ ಬಾವು ಇಳದದ. ವೈರಸ್ ಜೋರು ಮಾಡಾಕತ್ತಿದ್ದು ನಿಂತದ. ಪೂರಾ ಹೋಗಿಲ್ಲ, ಎಲ್ಲೋ ಮೂಲ್ಯಾಗ ಮುದರಿಕೊಂಡು ಕುಂತದ. ಆದ್ರ ಈಗ ಪಹರೆಯವರು ಎಚ್ಚರ ಅದಾರ. ಅವರು ಎಚ್ಚರ ಇರೂತನಕ ಅದು ಏಳಂಗಿಲ್ಲ. ವರ್ಷಕ್ಕೊಮ್ಮೆ ಬಂದು ತೋರಸ್ರಿ" ಎಂದರು. ಗುರುಬಾಯಿ ಆಕೆಯ ಕಾಲಿಗೆ ಬಿದ್ದಳು. ಎದ್ದು ಹೊರಗೆ ಬಂದಮೇಲೆ ಮತ್ತೆ ಒಬ್ಬಳೇ ಒಳಗೆ ಹೋಗಿ ಕೇಳಿದಳು, "ಆ ಸಿಟ್ಟು ಬಾಯೀ?"

"ಇಂಜೆಕ್ಷನ್ನಿನ ಸಿಟ್ಟು ಇಂಜೆಕ್ಷನ್ ಜೋಡಿ ಹೋಗಿರ್ತದ. ಯಾಕವಾ, ಇನ್ನಾ ಕಾಡ್ತಾರೇನು?"

"ಇಲ್ಲರಿ" ಎಂದಳು ಗುರುಬಾಯಿ. ಕಾಡುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಅವನು ಮೆತ್ತಗಾಗಿ ನಗತೊಡಗಿದ್ದ, ಕರೆದವರ ಕಂಬ ಹತ್ತತೊಡಗಿದ್ದ. ಊರವರು ನಮ್ಮ ಸೈರಣಿ ಶಿವರಾಯ ತಿರುಗಿ ಬಂದ ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವಳು ಮುಖ ತಿರುಗಿಸಿ ಅಲ್ಲಿಂದ ನಡೆದುಬಿಡುತ್ತಿದ್ದಳು.

ದುಧನಿಯ ರೈಲಿನಲ್ಲಿ ಇಬ್ಬರಿಗೂ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಕ್ಕಲಕೋಟ ದಾಟಿದಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಕೇಳ್ರಿ ಇಲ್ಲಿ. ನನ್ನ ಮ್ಯಾಲೆ ಸಿಟ್ಟು ಅದ ಏನು ಇನ್ನಾ?"

ಶಿವರಾಯ ಹೊರಗೆ ಜೋಳದ ಹೊಲ ನೋಡುತ್ತ ಬಹಳ ಹೊತ್ತು ಯೋಚಿಸಿದ. ಹಳೆಯ ಶಿವರಾಯನಾಗಿದ್ದರೆ, ಛೇ ಛೇ ಎಲ್ಲಿ ಸಿಟ್ಟು ಬಿಡು ಎಂದು ಕೂಡಲೇ ನಗುತ್ತಿದ್ದ.

"ಅದ" ಎಂದ.

ಗುರುಬಾಯಿ ಹೂಂ ಎಂದಳು. ಅವಳ ಕಣ್ಣು ತುಂಬಿ ಬಂದವು. ಮುಖ ತಿರುಗಿಸಿ ಚೀಲದಿಂದ ಬುತ್ತಿಯ ಗಂಟು ತೆಗೆದು ಬಿಚ್ಚಿ, ಸಜ್ಜೆರೊಟ್ಟಿಯ ಮೇಲೆ ಶೇಂಗಾಹಿಂಡಿ ಹಾಕಿ ಅವನ ಮುಂದೆ ಹಿಡಿದಳು.

"ಒಲ್ಲೆ" ಎಂದ ಶಿವರಾಯ. "ಹಸಿವಿಲ್ಲ ನನಗ."

ಉಣ್ರಿ ಅಂದ್ರ ಉಣ್ರಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿ, ರೊಟ್ಟಿಯನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿಟ್ಟಳು.